ಮನಸ್ಸನ್ನು ನೆಚ್ಚಿ ಕೂರಬಾರದು ಅಂತ ತಿಳಿಯಲು ವಯಸ್ಸಾಗಬೇಕಾಯಿತು

ವಯಸ್ಸಾದ ಹಾಗೆ ಬೆಲೆ ಗೊತ್ತಾದ ಪಾಠ ಯಾವುದು, ಇಪ್ಪತ್ತೆಂಟು ವಯಸ್ಸಿನ ನೀವು ಈಗಲೇ ಏನು ಕಲಿಯಬಹುದು ಅಂತ ಕೇಳಿದ್ದೀರಿ. ನನಗೆ ಅರವತ್ತು ದಾಟಿತು. ನನ್ನ ಉತ್ತರ ಒಂದೇ: ಮಾಡಬೇಕಾದ ಕೆಲಸವನ್ನು ಮನಸ್ಸಿನ ಗಟ್ಟಿತನಕ್ಕೆ ಬಿಡಬೇಡಿ, ಅದಕ್ಕೊಂದು ಏರ್ಪಾಡು ಮಾಡಿಡಿ.

ನಾನು ಉಡುಪಿಯವ. ತಂದೆಯದ್ದು ಸಣ್ಣ ದಿನಸಿ ಅಂಗಡಿ. ದೀಪ ಹಚ್ಚುವ ಹೊತ್ತಿಗೆ ಪಿಗ್ಮಿಯವರು, ಅಂದರೆ ದಿನಾ ಸ್ವಲ್ಪ ಸ್ವಲ್ಪ ಉಳಿತಾಯದ ದುಡ್ಡು ಸಂಗ್ರಹಿಸುವ ಬ್ಯಾಂಕಿನ ಏಜೆಂಟರು, ಬರುತ್ತಿದ್ದರು. ತಂದೆ ಗಲ್ಲಾದಿಂದ ಐದು ರೂಪಾಯಿ ಎತ್ತಿ ಕೊಡುವುದು, ಅವರು ಕಾರ್ಡಿನಲ್ಲಿ ಬರೆದು ಸಹಿ ಹಾಕುವುದು. ಆಟಿ ತಿಂಗಳ ಜೋರು ಮಳೆಗೆ ಗಿರಾಕಿಯೇ ಇಲ್ಲದ ದಿನವೂ ಎರಡು ರೂಪಾಯಿಯಾದರೂ ಹೋಗುತ್ತಿತ್ತು. ಅಷ್ಟು ದೂರದಿಂದ ಕೊಡೆ ಹಿಡಿದು ಬಂದವರನ್ನು ಬರಿಗೈಲಿ ಕಳಿಸಲು ತಂದೆಗೆ ನಾಚಿಕೆ. ಆ ನಾಚಿಕೆಯ ದುಡ್ಡಲ್ಲೇ ನಮ್ಮ ಅಕ್ಕನ ಮದುವೆಯ ಅರ್ಧ ಖರ್ಚು ಕಳೆಯಿತು.

ಪಿಗ್ಮಿ ಹುಟ್ಟಿದ್ದೂ ನಮ್ಮೂರಲ್ಲೇ. ಟಿ.ಎಂ.ಎ. ಪೈ, ಉಪೇಂದ್ರ ಪೈ, ವಾಮನ ಕುಡ್ವ ಸೇರಿ 1925ರಲ್ಲಿ ಕಟ್ಟಿದ ಬ್ಯಾಂಕು (ಮುಂದೆ ಸಿಂಡಿಕೇಟ್ ಬ್ಯಾಂಕ್ ಆದದ್ದು, 2020ರಲ್ಲಿ ಕೆನರಾ ಬ್ಯಾಂಕಿಗೆ ಸೇರಿದ್ದು) 1928ರಲ್ಲಿ ಇದನ್ನು ಶುರು ಮಾಡಿತು. ದಿನಕ್ಕೆ ಎರಡಾಣೆ ಇದ್ದರೂ ಸಾಕು, ಮನೆ ಬಾಗಿಲಿಗೇ ಬಂದು ತೆಗೆದುಕೊಂಡು ಹೋಗುತ್ತಿದ್ದರು.

ಬಿಕಾಂ ಓದುವಾಗ ನಾನು ತಂದೆಗೆ ಲೆಕ್ಕ ಹಾಕಿ ತೋರಿಸಿದ್ದೆ. ದುಡ್ಡು ಸಂಗ್ರಹಿಸುವವರಿಗೆ ಕಮಿಷನ್ ಹೋಗುವುದರಿಂದ ಪಿಗ್ಮಿಗೆ ಬಡ್ಡಿ ಕಡಿಮೆ, ನೀವೇ ತಿಂಗಳಿಗೊಮ್ಮೆ ಬ್ಯಾಂಕಿಗೆ ಹೋಗಿ ಆರ್‌ಡಿ (ತಿಂಗಳು ತಿಂಗಳು ಒಂದೇ ಮೊತ್ತ ಕಟ್ಟುವ ಠೇವಣಿ) ಕಟ್ಟಿದರೆ ಲಾಭ ಅಂತ. ಲೆಕ್ಕ ಆಗಲೂ ಸರಿ, ಈಗಲೂ ಸರಿ. ತಂದೆ ಹೇಳಿದ್ದಿಷ್ಟೇ: "ತಿಂಗಳ ಕೊನೆಗೆ ಉಳಿದರಲ್ಲವಾ ಮಗಾ ಕಟ್ಟುವುದು?" ದಿನಕ್ಕೆ ಐದರಂತೆ ತಿಂಗಳಿಗೆ ನೂರೈವತ್ತು ರೂಪಾಯಿ. ಅಷ್ಟನ್ನು ಒಟ್ಟಿಗೆ ಎತ್ತಿಡುವ ಶಕ್ತಿ ಆ ಅಂಗಡಿಗೆ ಯಾವ ತಿಂಗಳೂ ಇರಲಿಲ್ಲ. ಕಡಿಮೆ ಸಿಕ್ಕಿದ ಬಡ್ಡಿ ಅವರಿಗೆ ನಷ್ಟವಲ್ಲ, ಯಾರೋ ದಿನಾ ಬಂದು ಕೇಳುವುದಕ್ಕೆ ಕೊಟ್ಟ ಸಂಬಳ.

ಏರ್ಪಾಡಿನ ಬಲ ನಮ್ಮ ಮೀನುಗಾರಿಕೆ ಬಂದರು ಮಲ್ಪೆಯಲ್ಲೂ ನೋಡಿ. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ ಯಾಂತ್ರೀಕೃತ ಬೋಟುಗಳು ಕಡಲಿಗಿಳಿಯುವ ಹಾಗಿಲ್ಲ. ಮೀನು ಮೊಟ್ಟೆ ಇಡುವ ಕಾಲ, ಕಡಲೂ ಹುಚ್ಚೆದ್ದಿರುತ್ತದೆ, ಇದು ಎಲ್ಲರಿಗೂ ಗೊತ್ತು. ಆದರೂ ಅವರವರ ಇಷ್ಟಕ್ಕೆ ಬಿಟ್ಟಿದ್ದರೆ ಪಕ್ಕದವನ ಬೋಟು ಹೊರಟಾಗ ನಮ್ಮದು ದಕ್ಕೆಯಲ್ಲಿ ನಿಲ್ಲುತ್ತಿತ್ತಾ ಮಾರಾಯ್ರೆ? ಎಲ್ಲರದ್ದೂ ಒಟ್ಟಿಗೆ ನಿಲ್ಲುತ್ತದೆ ಅಂತಲೇ ಅದು ನಡೆಯುತ್ತದೆ.

ನನ್ನ ವಾಕಿಂಗೂ ಹೀಗೆಯೇ. ಒಬ್ಬನೇ ಹೊರಟದ್ದು ಎಂದೂ ವಾರ ದಾಟಲಿಲ್ಲ. ಈಗ ಮಣಿಪಾಲದ ಮಣ್ಣಪಳ್ಳ ಕೆರೆಯ ಹತ್ತಿರ ಇಬ್ಬರು ಕಾಯುತ್ತಿರುತ್ತಾರೆ, ಹೋಗದಿದ್ದರೆ ಫೋನಿನಲ್ಲಿ ಬೈಗುಳ. ಹಾಗಾಗಿ ಹೋಗುತ್ತೇನೆ.

ಒಂದು ಕಡೆ ಮಾತ್ರ ಇದು ನಡೆಯಲಿಲ್ಲ. ಬೆಂಗಳೂರಿನಲ್ಲಿರುವ ಮಗಳಿಗೆ ಭಾನುವಾರ ಎಂಟು ಗಂಟೆಗೆ ಫೋನು ಅಂತ ಗೊತ್ತು ಮಾಡಿದ್ದೆ. ಊಟ ಆಯ್ತಾ, ಅಲ್ಲಿ ಮಳೆ ಉಂಟಾ, ಅಷ್ಟರಲ್ಲಿ ಮುಗಿಯುತ್ತಿತ್ತು. ಈಗ ನೆನಪಾದಾಗ ಮಾಡುತ್ತೇನೆ, ಜಗಳವೂ ಆಗುತ್ತದೆ, ಮಾತೂ ಆಗುತ್ತದೆ.

ನಿಮಗೆ ತಿಂಗಳ ಸಂಬಳ ಇದ್ದರೆ ಪಿಗ್ಮಿ ಬೇಡ. ಸಂಬಳ ಬಿದ್ದ ಮರುದಿನವೇ ಖಾತೆಯಿಂದ ತನ್ನಿಂತಾನೆ ಆರ್‌ಡಿಗೆ ಹೋಗುವ ಹಾಗೆ ಬ್ಯಾಂಕಿನಲ್ಲಿ ಬರೆದುಕೊಡಿ. ಅಂಗಡಿ, ರಿಕ್ಷಾ, ಕ್ಯಾಂಟೀನು ಹೀಗೆ ದಿನದ ದುಡಿಮೆಯಾದರೆ ಪಿಗ್ಮಿಯೇ ಒಳ್ಳೆಯದು. ಆದರೆ ಕೊಟ್ಟ ಪ್ರತಿ ದಿನದ ರಸೀದಿ ಕೇಳಿ ತೆಗೆದುಕೊಳ್ಳಿ, ಆಗಾಗ ಶಾಖೆಗೆ ಹೋಗಿ ಜಮೆ ಆದದ್ದು ನೋಡಿ ಬನ್ನಿ. ಮತ್ತೆ, ಬ್ಯಾಂಕಿನ ಠೇವಣಿಗೆ ಐದು ಲಕ್ಷದವರೆಗೆ ವಿಮೆ ಉಂಟು, ಸಹಕಾರಿ ಸೊಸೈಟಿಗಳ ಠೇವಣಿಗೆ ಆ ವಿಮೆ ಇಲ್ಲ. ಪರಿಚಯದವರು ಕಲೆಕ್ಷನ್ನಿಗೆ ಬರುತ್ತಾರೆ ಅಂತ ಅದನ್ನು ಕೇಳದೆ ಬಿಡಬೇಡಿ.