ಮತ್ತೆ ಕಾಕುಮಾಗೆ ಹೊರಟ ನರ್ಸ್

ನನ್ನ ಹತ್ತಿರ ಆಪ್ತಸಮಾಲೋಚನೆಗೆ ಬಂದ ಒಬ್ಬರ ಕತೆ ಇದು. ಗುರುತು ಸಿಗುವಂಥ ವಿವರಗಳನ್ನೆಲ್ಲ ಬದಲಾಯಿಸಿ, ಅವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ.

ಅವರು ನರ್ಸ್. ಕೀನ್ಯಾದ ವಾಯವ್ಯಕ್ಕಿರುವ ಕಾಕುಮಾ ನಿರಾಶ್ರಿತರ ಶಿಬಿರದಲ್ಲಿ ಅಪೌಷ್ಟಿಕ ಮಕ್ಕಳನ್ನು ನೋಡಿಕೊಳ್ಳುತ್ತಿದ್ದರು. ಸುಡಾನ್ ಯುದ್ಧದಿಂದ ತಪ್ಪಿಸಿಕೊಂಡು ಬಂದ ಹುಡುಗರಿಗಾಗಿ 1992ರಲ್ಲಿ ಶುರುವಾದ ಶಿಬಿರ ಅದು. ಈಗ ಸೊಮಾಲಿಯಾ, ಕಾಂಗೋ, ಬುರುಂಡಿಯವರೂ ಇದ್ದಾರೆ. 2025ರಲ್ಲಿ ಹೊರದೇಶಗಳ ನೆರವು ಕಡಿತವಾಗಿ, ಅಲ್ಲಿನ ರೇಷನ್ ಪೂರ್ತಿ ಪ್ರಮಾಣದ ಮೂರನೇ ಒಂದು ಭಾಗಕ್ಕಿಂತಲೂ ಕೆಳಗಿಳಿಯಿತು. ಅದೇ ಹೊತ್ತಿಗೆ ಇವರ ಅವಧಿ ಮುಗಿಯಿತು, ಊರಿಗೆ ಬಂದರು.

ಈಗ ಮತ್ತೆ ಕರೆ ಬಂದಿದೆ. ಅಮ್ಮ ಸುತಾರಾಂ ಬೇಡ ಅಂತಾರೆ, ಇವರು ನಾಳೆಯೇ ಹೊರಡ್ತೀನಿ ಅಂತಾರೆ. ಆದರೆ ರಾತ್ರಿ ನಿದ್ದೆ ಇಲ್ಲ. ಮದುವೆ ಊಟದಲ್ಲಿ ಪಕ್ಕದ ಎಲೆಯಲ್ಲಿ ಬಿಟ್ಟ ಅನ್ನ ಕಂಡು ಎದ್ದು ಬಂದಿದ್ದಾರೆ.

ಕೇಳುತ್ತಾ ಹೋದಾಗ ಒಂದು ಪಟ್ಟಿಯ ವಿಷಯ ಬಂತು. ಮಗುವಿನ ತೋಳಿನ ಸುತ್ತಳತೆ ನೋಡುವ ಬಣ್ಣದ ಪಟ್ಟಿ. 11.5 ಸೆಂ.ಮೀ.ಗಿಂತ ಕಡಿಮೆ ಇದ್ದರೆ ಕೆಂಪು, 12.5ರವರೆಗೆ ಹಳದಿ, ಆಮೇಲೆ ಹಸಿರು. ಪೌಷ್ಟಿಕ ಆಹಾರದ ದಾಸ್ತಾನು ಕಡಿಮೆಯಾದಾಗ ಕೆಂಪಿನ ಮಕ್ಕಳಿಗೆ ಮಾತ್ರ ಕೊಡಿ ಅಂತ ಮೇಲಿನವರು ಅಂದರು. ಹಳದಿಯಲ್ಲಿದ್ದ ಒಂದು ಮಗುವಿನ ತಾಯಿ, "ಹಾಗಾದರೆ ಇನ್ನೂ ಸೊರಗಿದ ಮೇಲೆ ಕರ್ಕೊಂಡು ಬರಲಾ?" ಅಂತ ಕೇಳಿದಳಂತೆ. ಇವರು ಹೂಂ ಅಂದರಂತೆ. ಆ ಹೂಂ ಇವರನ್ನು ಬಿಟ್ಟಿಲ್ಲ.

ಇದನ್ನು ಬರೀ ದಣಿವು ಅಂದುಕೊಂಡು ರಜೆ ಹಾಕಿ ಅನ್ನುವವರಿದ್ದಾರೆ. ನಾನು ಒಪ್ಪಲ್ಲ. ಏನು ಮಾಡಬೇಕು ಅಂತ ಚೆನ್ನಾಗಿ ಗೊತ್ತಿದ್ದೂ ಕೈ ಕಟ್ಟಿಹಾಕಿದಾಗ ಆಗುವ ನೋವು ನಿದ್ದೆ ಮಾಡಿದರಷ್ಟೇ ಹೋಗಲ್ಲ. ಯಾರ ಮುಂದಾದರೂ ಪೂರ್ತಿ ಹೇಳಿಕೊಳ್ಳಬೇಕು. ದಾಸ್ತಾನು ಖಾಲಿ ಮಾಡಿದ್ದು ನೀವಲ್ಲ, ಆದರೆ ಆ ತಾಯಿಗೆ ಉತ್ತರ ಕೊಡಬೇಕಾಗಿ ಬಂದಿದ್ದು ನೀವು, ಎರಡೂ ನಿಜ ಅಂದೆ. ತುಂಬಾ ಹೊತ್ತು ಅತ್ತರು.

ಹೋಗಬೇಡಿ ಅಂತ ನಾನು ಹೇಳಲಿಲ್ಲ. ಅಂಥ ಕೈಗಳು ಅಲ್ಲಿಗೆ ಬೇಕು. ಆದರೆ ಋಣ ತೀರಿಸೋಕೆ ಅಂತ ಹೋದರೆ ಊಟ, ರಜೆ ಎಲ್ಲ ಬಿಟ್ಟು ದುಡಿದು ತಿಂಗಳೊಪ್ಪತ್ತಿನಲ್ಲಿ ಮಲಗಿಬಿಡ್ತೀರಿ ಅಂದೆ. ಸಂಸ್ಥೆಯ ಹತ್ತಿರ ಸ್ವಲ್ಪ ಸಮಯ ಕೇಳಿ. ಅಷ್ಟರೊಳಗೆ ನಿದ್ದೆಗೆ ವೈದ್ಯರನ್ನು ನೋಡಿ, ರಾತ್ರಿ ಶಿಬಿರದ ವಾಟ್ಸಾಪ್ ಗುಂಪು ತೆರೆಯಬೇಡಿ, ತೀರಾ ತಡೆಯಲಾಗದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡ್ತಾರೆ. ಒಪ್ಪಿಕೊಳ್ಳುವ ಮೊದಲು ದಾಸ್ತಾನು ಎಷ್ಟಿದೆ, ಎಷ್ಟು ವಾರಕ್ಕೊಮ್ಮೆ ರಜೆ ಕೊಡ್ತಾರೆ ಅಂತ ಕೇಳಿ. ಮಗುವನ್ನು ವಾಪಸ್ ಕಳಿಸುವ ತೀರ್ಮಾನ ಒಬ್ಬರ ತಲೆ ಮೇಲೆ ಬೀಳಬಾರದು, ತಂಡವೇ ತಗೋಬೇಕು ಅಂತ ಬರವಣಿಗೆಯಲ್ಲಿ ಹಾಕಿಸಿಕೊಳ್ಳಿ.

ಅಮ್ಮನನ್ನೂ ಒಮ್ಮೆ ಕರೆಸಿದೆ. ಅವರಿಗೆ ಆಫ್ರಿಕಾದ ಭಯ ಅಷ್ಟೇನೂ ಇರಲಿಲ್ಲ. "ಬಂದಾಗಿಂದ ನನ್ನ ಹತ್ರ ಮಾತೇ ಆಡಲ್ಲ, ಮೇಡಂ" ಅಂದರು. ಆ ಪಟ್ಟಿಯ ಕತೆಯನ್ನು ಮಗಳು ಅಮ್ಮನಿಗೆ ಹೇಳಿದ್ದು ಅವತ್ತೇ.

ಈಗ ಹೊರಡುವುದು ಗಟ್ಟಿಯಾಗಿದೆ, ಮೊದಲಿಗಿಂತ ಕಡಿಮೆ ಅವಧಿಗೆ. ಕೀನ್ಯಾ ನಮಗಿಂತ ಎರಡೂವರೆ ಗಂಟೆ ಹಿಂದೆ. ಅವರ ಡ್ಯೂಟಿ ಮುಗಿದ ಮೇಲೆ, ನಮ್ಮ ರಾತ್ರಿ ಎಂಟೂವರೆಗೆ ಫೋನಿನಲ್ಲಿ ಮಾತು ಮುಂದುವರಿಸೋದು ಅಂತ ತೀರ್ಮಾನಿಸಿದ್ದೇವೆ.