ತೇಯ್ದ ಗಂಧ ಬೇರೆ, ಸೀಸೆಯ ಎಣ್ಣೆ ಬೇರೆ

ಪ್ರಶ್ನೆ: ನಮ್ಮ ನಾಲ್ಕು ವರ್ಷದ ಮಗಳಿಗೆ ಬೇಸಿಗೆಯಲ್ಲಿ ಬೆವರುಸಾಲೆ ಎದ್ದಾಗಲೆಲ್ಲ ಅತ್ತೆಯವರು ಸಾಣೆಕಲ್ಲಿನ ಮೇಲೆ ಗಂಧದ ಕೊರಡನ್ನು ತೇಯ್ದು ಮೈಗೆಲ್ಲ ದಪ್ಪಗೆ ಹಚ್ಚುತ್ತಾರೆ. ಸಕ್ಕರೆ ಕಾಯಿಲೆಯಿರುವ ಮಾವನವರಿಗೆ ಒಂದು ವಾರದಿಂದ ಉರಿಮೂತ್ರವಿದ್ದು, ಹಾಲಿಗೆ ಎರಡು ಹನಿ ಗಂಧದೆಣ್ಣೆ ಬೆರೆಸಿ ಕುಡಿದರೆ ಉಷ್ಣ ಇಳಿಯುತ್ತದೆಂದು ಪರಿಚಿತರೊಬ್ಬರು ಹೇಳಿದ್ದಾರೆ. ಇವೆರಡೂ ಸುರಕ್ಷಿತವೇ?
– ಓದುಗರು, ಮಂಡ್ಯ

ಉತ್ತರ: ಮೊದಲು ನಿಮ್ಮ ಮಾವನವರ ವಿಷಯಕ್ಕೆ ಬರುತ್ತೇನೆ, ಏಕೆಂದರೆ ಅದು ಕಾಯುವಂಥದ್ದಲ್ಲ. ಸಕ್ಕರೆ ಕಾಯಿಲೆ ಇರುವವರಲ್ಲಿ ಮೂತ್ರದ ಸೋಂಕು ಮೂತ್ರಪಿಂಡದವರೆಗೆ ಹಬ್ಬುವ ಅಪಾಯ ಹೆಚ್ಚು; ಆದ್ದರಿಂದ ನಾಳೆಯೇ ಅವರನ್ನು ವೈದ್ಯರ ಬಳಿಗೆ ಕರೆದೊಯ್ದು ಮೂತ್ರ ಮತ್ತು ರಕ್ತದ ಸಕ್ಕರೆಯ ಪರೀಕ್ಷೆ ಮಾಡಿಸಿ. ಚಳಿಜ್ವರ, ಸೊಂಟದ ಮೇಲ್ಭಾಗದಲ್ಲಿ ನೋವು ಅಥವಾ ವಾಂತಿ ಇದ್ದರೆ ಈ ಹೊತ್ತೇ ಹೊರಡಿ.

ಪರಿಚಿತರ ಮಾತಿಗೆ ಆಧಾರವಿಲ್ಲವೆಂದು ನಾನು ಹೇಳಲಾರೆ. ಆಯುರ್ವೇದವು ಚಂದನವನ್ನು ಶೀತಗುಣದ, ಪಿತ್ತವನ್ನೂ ದಾಹವನ್ನೂ ಶಮನ ಮಾಡುವ ದ್ರವ್ಯವೆಂದು ಹೇಳಿ ಉರಿಮೂತ್ರಕ್ಕೂ ಬಳಸುತ್ತ ಬಂದಿದೆ. ನಮ್ಮ ಮೈಸೂರಿನಲ್ಲಿ 1916ರಲ್ಲಿ ಗಂಧದೆಣ್ಣೆಯ ಕಾರ್ಖಾನೆ ಆರಂಭವಾದ ಕಾಲದಲ್ಲಿ ಯುರೋಪಿನ ವೈದ್ಯರೂ ಲೈಂಗಿಕ ಸಂಪರ್ಕದಿಂದ ಹರಡುವ ಗೊನೋರಿಯಾದಂಥ ಸೋಂಕುಗಳಿಗೆ ಈ ಎಣ್ಣೆಯನ್ನು ಗುಳಿಗೆಗಳಲ್ಲಿ ತುಂಬಿಸಿ ಕೊಡುತ್ತಿದ್ದರು. ಆಂಟಿಬಯಾಟಿಕ್‌ಗಳು ಬಂದ ಮೇಲೆ ಆ ಪದ್ಧತಿ ಮರೆಯಾಯಿತು. ಗಿಡಮೂಲಿಕೆಗಳ ಬಗ್ಗೆ ಉದಾರ ನಿಲುವು ತಳೆದ ಜರ್ಮನಿಯ 'ಕಮಿಷನ್ ಇ' ತಜ್ಞ ಸಮಿತಿಯು ಮೂತ್ರದ ಸೋಂಕಿನಲ್ಲಿ ಗಂಧದ ಚೆಕ್ಕೆಯನ್ನು ಪೂರಕವಾಗಿ ಬಳಸಲು ಒಪ್ಪಿದರೂ, ಮೂತ್ರಪಿಂಡದ ಕಾಯಿಲೆ ಇರುವವರು ಅದನ್ನು ಸೇವಿಸಬಾರದೆಂದೂ ವೈದ್ಯರ ಸಲಹೆಯಿಲ್ಲದೆ ಆರು ವಾರಕ್ಕಿಂತ ಹೆಚ್ಚು ಮುಂದುವರಿಸಬಾರದೆಂದೂ ಎಚ್ಚರಿಸಿದೆ. ಬಹುಕಾಲದ ಸಕ್ಕರೆ ಕಾಯಿಲೆಯಲ್ಲಿ ಮೂತ್ರಪಿಂಡ ಸದ್ದಿಲ್ಲದೆ ಸೊರಗಿರಬಹುದಾದ್ದರಿಂದ ಈ ಎಚ್ಚರಿಕೆ ನಿಮ್ಮ ಮಾವನವರಿಗೆ ನೇರವಾಗಿ ಅನ್ವಯಿಸುತ್ತದೆ.

ಸೀಸೆಯೊಳಗೆ ಇರುವುದೇನೆಂಬುದು ಇನ್ನೊಂದು ಚಿಂತೆ. ಅಂತರರಾಷ್ಟ್ರೀಯ ಮಾನದಂಡದಂತೆ ಅಪ್ಪಟ ಶ್ರೀಗಂಧದ ಎಣ್ಣೆಯಲ್ಲಿ ಅದರ ಪರಿಮಳಕ್ಕೆ ಮುಖ್ಯ ಕಾರಣವಾದ ಸ್ಯಾಂಟಲಾಲ್ ಅಂಶ ಶೇ 90ರಷ್ಟಾದರೂ ಇರಬೇಕು. ಅಗ್ಗದ ಸೀಸೆಗಳಲ್ಲಿ ಕೃತಕ ಪರಿಮಳವನ್ನು ಬೇರೆ ಎಣ್ಣೆಯಲ್ಲಿ ಕರಗಿಸಿ ಮಾರುವುದುಂಟು, ಅದನ್ನು ಮೂಗಿನಿಂದ ಪತ್ತೆಮಾಡುವುದು ಕಷ್ಟ. ಪರಿಮಳಕ್ಕೆಂದು ಮಾರುವ ಎಣ್ಣೆಯನ್ನು ಯಾರೂ ಕುಡಿಯಬಾರದು. ಗರ್ಭಿಣಿಯರಿಗೂ ಮಕ್ಕಳಿಗೂ ಈ ಮಾತು ಇನ್ನಷ್ಟು ಗಟ್ಟಿಯಾಗಿ ಅನ್ವಯಿಸುತ್ತದೆ.

ಮಗಳಿಗೆ ತೇಯ್ದ ಗಂಧ ಹಚ್ಚುವುದಕ್ಕೆ ನನ್ನ ಆಕ್ಷೇಪವಿಲ್ಲ, ಆದರೆ ದಪ್ಪಗೆ ಬೇಡ. ಬೆವರಿನ ರಂಧ್ರಗಳು ಮುಚ್ಚಿಕೊಳ್ಳುವುದರಿಂದಲೇ ಬೆವರುಸಾಲೆ ಏಳುವಾಗ, ಒಣಗಿ ಬಿರಿಯುವ ಲೇಪವನ್ನು ಅದರ ಮೇಲೆ ಬಿಡುವುದು ಸರಿಯಲ್ಲ. ಕೊರಡನ್ನೂ ಕಲ್ಲನ್ನೂ ತೊಳೆದು, ಕುದಿಸಿ ಆರಿಸಿದ ನೀರಿನಲ್ಲಿ ಆಗಿಂದಾಗ್ಗೆ ತೇಯ್ದು, ಮೊದಲ ಸಲ ಮೊಣಕೈಯ ಒಳಬದಿಗೆ ಮಾತ್ರ ಸವರಿ ಎರಡು ದಿನ ಗಮನಿಸಿ. ಗಂಧವೂ ಕೆಲವರಿಗೆ ಅಲರ್ಜಿ ತರುತ್ತದೆ. ತುರಿಕೆ, ಕೆಂಪು ಕಾಣದಿದ್ದರೆ ತೆಳುವಾಗಿ ಹಚ್ಚಿ, ಒಣಗುವ ಮೊದಲೇ ತಣ್ಣೀರಿನಿಂದ ತೊಳೆಯಿರಿ. ಹತ್ತಿಯ ಸಡಿಲ ಉಡುಪು ಮತ್ತು ಗಾಳಿಯಾಡುವ ಕೋಣೆಯಿಂದ ಸಿಗುವ ಉಪಶಮನ ಗಂಧದ್ದಕ್ಕಿಂತ ಹೆಚ್ಚಿನದು. ಗುಳ್ಳೆಗಳಲ್ಲಿ ಕೀವು ತುಂಬಿದರೆ ಅಥವಾ ಜ್ವರ ಬಂದರೆ ಗಂಧವನ್ನು ನಿಲ್ಲಿಸಿ ಮಕ್ಕಳ ವೈದ್ಯರಿಗೆ ತೋರಿಸಿ.