ಹಸಿ ದಿಮ್ಮಿಯ ಮನೆಗೆ ಆತುರ ಬೇಡ

ಪ್ರಶ್ನೆ: ನಮ್ಮ ಕಾಫಿ ತೋಟದ ಮೇಲಂಚಿನಲ್ಲಿ, ವಿದ್ಯುತ್ ಕಂಬ ತಲುಪದ ಜಾಗದಲ್ಲಿ, ತೋಟದ್ದೇ ಸಿಲ್ವರ್ ಓಕ್ ಮರಗಳನ್ನು ಕಡಿಸಿ ದಿಮ್ಮಿಗಳಿಂದ ಒಂದು ಕೋಣೆಯ ಮನೆ ಕಟ್ಟುವ ಆಸೆಯಿದೆ. ಚಳಿ ಬಲಿಯುವುದರೊಳಗೆ ಮುಗಿಸಬಹುದೇ? ದೀಪಕ್ಕೆ ಏನು ಮಾಡಬೇಕು?
– ಓದುಗರೊಬ್ಬರು, ಸೋಮವಾರಪೇಟೆ ತಾಲ್ಲೂಕು

ಉತ್ತರ: ಕೊಡಗಿನಲ್ಲಿ ಮರದ ಮನೆಯನ್ನು ಕೆಡಿಸುವುದು ಚಳಿಯಲ್ಲ, ಜೂನ್‌ನಿಂದ ಹಿಡಿಯುವ ಮಳೆ ಮತ್ತು ಗೆದ್ದಲು. ಇಂದು ಕಡಿದ ದಿಮ್ಮಿಯನ್ನು ನಾಳೆಯೇ ಗೋಡೆಗೇರಿಸಿದರೆ ಅದು ಒಣಗುತ್ತಾ ಕುಗ್ಗಿ, ಗೋಡೆ ಕೆಲವು ಅಂಗುಲ ಇಳಿದು, ಬಾಗಿಲು ಕಿಟಕಿಗಳು ಬಿಗಿದುಕೊಳ್ಳುತ್ತವೆ. ನಡುವೆ ಗಾಳಿ ನುಗ್ಗುವ ಸಂದುಗಳೂ ಬಿಡುತ್ತವೆ. 8 ಅಂಗುಲ ದಪ್ಪದ ದಿಮ್ಮಿ ತಿರುಳಿನವರೆಗೆ ಒಣಗಲು ವರ್ಷಕ್ಕೂ ಹೆಚ್ಚು ಬೇಕು. 1 ಅಂಗುಲದ ಹಲಗೆಯಾದರೆ, ನಡುನಡುವೆ ಪಟ್ಟಿಗಳನ್ನಿಟ್ಟು ಗಾಳಿಯಾಡುವ ನೆರಳಿನಲ್ಲಿ ಪೇರಿಸಿದಾಗ, ಈ ಒಣ ತಿಂಗಳುಗಳಲ್ಲೇ ಹದಕ್ಕೆ ಬರುತ್ತದೆ. ಆದ್ದರಿಂದ ಕಂಬ ತೊಲೆಗಳ ಚೌಕಟ್ಟಿಗೆ ಹಲಗೆ ಹೊಡೆಸುವುದೇ ಮೇಲು. ಕಾಫಿ ಕೊಯ್ಲು ಶುರುವಾದ ಮೇಲೆ ಆಳು ಸಿಗುವುದು ಹೇಗೂ ಕಷ್ಟ. ಈಗ ಮರ ಕಡಿಸಿ ಕೊಯ್ಯಿಸಿಟ್ಟು, ಮಾರ್ಚ್‌ನಲ್ಲಿ ಕಟ್ಟಲು ತೊಡಗಿ, ಮೇ ಮುಗಿಯುವುದರೊಳಗೆ ಹೆಂಚು ಹೊದಿಸಿ.

ಕರ್ನಾಟಕ ವೃಕ್ಷ ಸಂರಕ್ಷಣಾ ಅಧಿನಿಯಮ, 1976ರಲ್ಲಿ ಸಿಲ್ವರ್ ಓಕ್ ಕಡಿಯುವುದಕ್ಕೆ ವಿನಾಯಿತಿಯಿದೆ. ನಂದಿ, ಹಲಸಿನ ಮರಗಳಿಗೆ ಕೊಡಲಿ ಹಾಕುವ ಮುನ್ನ ಅರಣ್ಯ ಇಲಾಖೆಯ ಅನುಮತಿ ಬೇಕು. ಆದರೆ ಸಿಲ್ವರ್ ಓಕ್‌ಗೆ ಹುಳು ಬೇಗ ಹಿಡಿಯುತ್ತದೆ. ಕಡಿದ ಕೂಡಲೇ ತೊಗಟೆ ಸುಲಿಸಿ, ಬೋರಾಕ್ಸ್ ಮತ್ತು ಬೋರಿಕ್ ಆಮ್ಲದ ದ್ರಾವಣ ಹಚ್ಚಿಸಿ. ಈ ದ್ರಾವಣ ಮಳೆನೀರಿಗೆ ತೊಳೆದುಹೋಗುವುದರಿಂದ ಸೂರನ್ನು ಗೋಡೆಯಿಂದ 3 ಅಡಿಯಾದರೂ ಮುಂದಕ್ಕೆ ಚಾಚಬೇಕು. ಕಂಬಗಳನ್ನು ಮಣ್ಣಿನಲ್ಲಿ ಹೂಳದೆ, 2 ಅಡಿ ಎತ್ತರದ ಕಲ್ಲುಕಟ್ಟೆಯ ಮೇಲೆ ನಿಲ್ಲಿಸಬೇಕು. ಜಾಗ ಸಮತಟ್ಟು ಮಾಡಲೆಂದು ಜೆಸಿಬಿ ತರಿಸಿ ಗುಡ್ಡ ಕಡಿಸಬೇಡಿ; ಕೊಡಗಿನ ಗುಡ್ಡಗಳು ಕುಸಿದ 2018ರ ಆಗಸ್ಟ್‌ ತಿಂಗಳನ್ನು ನಿಮಗೆ ನೆನಪಿಸಬೇಕಾಗಿಲ್ಲ.

ಇನ್ನು ದೀಪದ ಮಾತು. 5 ವಾಟ್‌ನ ನಾಲ್ಕು ಎಲ್‌ಇಡಿ ಬಲ್ಬುಗಳು ದಿನಕ್ಕೆ 5 ಗಂಟೆ ಉರಿದರೆ 100 ವಾಟ್-ಗಂಟೆ ಖರ್ಚು. ದಕ್ಷಿಣಕ್ಕೆ ಓರೆಯಾಗಿಸಿದ, ಮರದ ನೆರಳು ಬೀಳದ 100 ವಾಟ್‌ನ ಒಂದು ಸೌರಫಲಕ ಚಳಿಗಾಲದಲ್ಲಿ ಇದನ್ನು ಸಲೀಸಾಗಿ ತೂಗಿಸುತ್ತದೆ. ಕಕ್ಕಡದಲ್ಲಿ, ಅಂದರೆ ಜುಲೈ-ಆಗಸ್ಟ್ ನಡುವಿನ ಜಡಿಮಳೆಯ ತಿಂಗಳಲ್ಲಿ, ಬಿಸಿಲೇ ಕಾಣದ ದಿನಗಳಿಗೆ ತೋಟದ ತೋಡು (ಸಣ್ಣ ಹಳ್ಳ) ನೆರವಾಗಬಹುದು: ಸೆಕೆಂಡಿಗೆ 1 ಲೀಟರ್ ನೀರು 10 ಮೀಟರ್ ಎತ್ತರದಿಂದ ಕೊಳವೆಯಲ್ಲಿ ಇಳಿದರೆ, ಲೆಕ್ಕಕ್ಕೆ 98 ವಾಟ್, ಸಣ್ಣ ಟರ್ಬೈನಿನಲ್ಲಿ ಅರ್ಧವಷ್ಟೇ ಕೈಗೆ ಸಿಕ್ಕರೂ, ಹಗಲಿರುಳು ಹರಿಯುವುದರಿಂದ ಅದು ಧಾರಾಳವಾಯಿತು. ಫಲಕವನ್ನು ಮನೆಯ ಜೊತೆಗೇ ಹಾಕಿಸಿ. ಟರ್ಬೈನನ್ನು ಮಾತ್ರ ಒಂದು ಮಳೆಗಾಲ ತೋಡಿನ ನೀರನ್ನು ಅಳೆದು ನೋಡಿದ ಮೇಲೆ ಕೊಳ್ಳಿ.